ಗುರುಸಿದ್ದನ ಮನೆಯ ಖರೀದಿಪತ್ರ

ಕೊಲ್ಲಾಪುರದ ಸಿನಿಮಾ ಕಂಪನಿಯವರು ತನ್ನ ತೋಟದ ಬಂಗಲೆ ಬೇಡವೆಂದದ್ದು ಬಾಪೂಸಾಹೇಬನಿಗೆ ಅಷ್ಟಾಗಿ ನೋಯುತ್ತಿರಲಿಲ್ಲ. ಆದರೆ ಬೇಡವೆಂದ ಬಾಯಲ್ಲೇ ಮ್ಯಾನೇಜರ್ ತಾನಾಜಿರಾವ ಕಿಟಕಿಯಾಚೆ ಬೆರಳು ಮಾಡಿ, ಎದುರು ಗುಡ್ಡದ ಮೇಲಿನ ಆ ಮನೆ ಯಾರದೆಂದು ಕೇಳಿದ. ನೋವು ಅಲ್ಲಿಂದ ಶುರುವಾಯಿತು.

ಅದು ಕುರುಬರ ಗುರುಸಿದ್ದನ ಮನೆ. ಮಣ್ಣಿನ ಗೋಡೆ, ಹುಲ್ಲಿನ ಮಾಡು, ಮುಂದೊಂದು ಹುಣಸೆಮರ, ಬದಿಗೆ ಕುರಿಹಟ್ಟಿ.

ಕಂಪನಿಯವರು ಚಿತ್ರ ತೆಗೆಯಲು ಹಳ್ಳಿಯ ಮನೆ ಹುಡುಕುತ್ತಿದ್ದಾರೆಂಬ ಸುದ್ದಿಯನ್ನು ಬಾಪೂಸಾಹೇಬ ಗಡಹಿಂಗ್ಲಜದ ಪೇಟೆಯಲ್ಲಿ ತನ್ನ ಬೆಲ್ಲದ ಅಡತಿ ಅಂಗಡಿಯಲ್ಲಿ ಕೂತು ಕೇಳಿದ್ದ. ಎಂಟು ದಿನ ಅಡತಿಯ ಕಡೆ ತಲೆ ಹಾಕದೆ ಬಂಗಲೆಗೆ ಸುಣ್ಣ ಹೊಡೆಸಿದ, ಕಿಟಕಿಗಳಿಗೆ ಹಸಿರು ಬಣ್ಣ ಹಚ್ಚಿಸಿದ, ಮೆಟ್ಟಿಲ ಎರಡೂ ಬದಿಗೆ ಹೂವಿನ ಕುಂಡ ಇಡಿಸಿದ. ತಾನಾಜಿರಾವ ಎಲ್ಲವನ್ನೂ ನೋಡಿ, ಬಾಪೂಸಾಹೇಬನ ಹೆಂಡತಿ ರತ್ನಮಾಲಾ ಕೊಟ್ಟ ಮಜ್ಜಿಗೆ ಕುಡಿದು, ಮೀಸೆ ಒರೆಸಿಕೊಂಡ.

"ಸಾವಕಾರ್ರ, ಬಂಗಲಾ ಭಾಳ ಛಲೋ ಐತಿ. ಆದ್ರ ನಮ್ಮದು ಬಡವರ ಕತಿ ನೋಡ್ರಿ. ನಮಗ ಖರೇ ಮನಿ ಬೇಕು."

ಖರೇ ಮನಿ. ನಲವತ್ತೆಂಟು ವರ್ಷದ ಬಾಪೂಸಾಹೇಬ ಆ ಎರಡು ಶಬ್ದಗಳನ್ನು ಊಟದಲ್ಲಿ ಸಿಕ್ಕ ಹರಳಿನ ಹಾಗೆ ಹಲ್ಲಿನ ನಡುವೆ ಇಟ್ಟುಕೊಂಡೇ ತಿರುಗಿದ.

ಮಾಘದಲ್ಲಿ ಕಂಪನಿ ಬಂತು. ಏಳು ದಿನ ಗುಡ್ಡದ ಮೇಲೆ ಜಾತ್ರೆಯಂಥ ಗದ್ದಲ. ಬಿಸಿಲನ್ನು ನಟಿಯ ಮುಖಕ್ಕೆ ತಿರುಗಿಸಲು ಅವರು ಹಿಡಿಯುತ್ತಿದ್ದ ಬೆಳ್ಳಿ ಕಾಗದದ ಹಲಗೆಗಳಿಂದ ಆಗೀಗ ಒಂದು ಕೋಲ್ಮಿಂಚು ಹಾರಿ ಬಂದು ಬಾಪೂಸಾಹೇಬನ ಗೋಡೆಯ ಮೇಲೆ ಕುಣಿದು ಹೋಗುತ್ತಿತ್ತು. ಅವನು ಕಿಟಕಿ ಮುಚ್ಚಿದ. ಗುಡ್ಡದ ಬುಡದ ದಾರಿ ಬಿಟ್ಟು, ಅರ್ಧ ಮೈಲಿ ಸುತ್ತಾದರೂ ಹಳ್ಳದ ದಾರಿಯಿಂದ ಪೇಟೆಗೆ ಹೋಗತೊಡಗಿದ. ಆದರೆ ಪೇಟೆಯಲ್ಲೂ ಅದೇ ಮಾತು. ನಿನ್ನೆಯವರೆಗೆ ಅಡತಿಯ ಕಟ್ಟೆಯ ಕೆಳಗೆ ಕೆರ ಬಿಟ್ಟು ನಿಲ್ಲುತ್ತಿದ್ದ ಗುರುಸಿದ್ದನನ್ನು ಜನ ಹೋಟೆಲಿನೊಳಗೆ ಕರೆದು ಚಹಾ ಕುಡಿಸುತ್ತಿದ್ದರು. ಅವನ ಮನೆ ಪಡದೆಯ ಮೇಲೆ ಬರುತ್ತದೆ, ಪುಣೆ ಮುಂಬಯಿಯವರೆಲ್ಲ ನೋಡುತ್ತಾರೆ ಎನ್ನುತ್ತಿದ್ದರು.

ರತ್ನಮಾಲಾ ದಿನಾ ಹೋಗಿ ನೋಡಿ ಬರುತ್ತಿದ್ದಳು. ಒಂದು ಸಂಜೆ ತಾಟಿಗೆ ರೊಟ್ಟಿ ಹಾಕುತ್ತ ಬಾಯಿ ತೆರೆದಳು. "ಇವತ್ತ ಅಲ್ಲಿ ಏನೇನ್ ಮಾಡ್ಯಾರ ಗೊತ್ತೇನ್ರಿ? ನೋಡಿದ್ರ ನೀವು ನಂಬೂದಿಲ್ಲ—"

"ಆ ಕುರಿಹಟ್ಟಿ ಸುದ್ದಿ ಈ ಮನ್ಯಾಗ ಬ್ಯಾಡ," ಎಂದ ಬಾಪೂಸಾಹೇಬ. ಅವಳು ಮತ್ತೆಂದೂ ಆ ಸುದ್ದಿ ತೆಗೆಯಲಿಲ್ಲ.

ಕಂಪನಿಯವರು ವೈಶಾಖದಲ್ಲಿ ಮತ್ತೆ ಬರುತ್ತೇವೆಂದು ಹೇಳಿ ಹೋದರು. ಆ ಮಾತು ಕಿವಿಗೆ ಬಿದ್ದ ದಿನವೇ ಉಪಾಯ ಹೊಳೆಯಿತು. ಮನೆಗೆ ಬೆಂಕಿ ಇಡುವುದು, ಕುರಿಗಳಿಗೆ ವಿಷ ಹಾಕುವುದು, ಇವೆಲ್ಲ ಹೆಡ್ಡರ ಕೆಲಸ. ಬಾಪೂಸಾಹೇಬ ಆ ಮನೆಯನ್ನು ಹಾಳು ಮಾಡುವವನಲ್ಲ. ಅದು ತನ್ನದೇ ಆಗಬೇಕು. ಕಂಪನಿಯವರು ಬಂದಾಗ ಗುರುಸಿದ್ದ ಕೈಮುಗಿದು, "ಮಾಲಕರು ಕೆಳಗ ಅದಾರ್ರಿ, ಅವರನ್ನ ಕೇಳ್ರಿ" ಎನ್ನಬೇಕು. ತಾನಾಜಿರಾವ ಮತ್ತೊಮ್ಮೆ ಈ ಮೆಟ್ಟಿಲು ಹತ್ತಬೇಕು. ಆಗ ಮಜ್ಜಿಗೆ ಕೊಡಬೇಕೋ ಬೇಡವೋ ಎಂಬುದನ್ನು ತಾನು ಯೋಚಿಸಬೇಕು.

ಅದಕ್ಕೆ ಬೇಕಾದ ವಿದ್ಯೆ ಅವನಲ್ಲಿತ್ತು. ಹರೆಯದಲ್ಲಿ ಮೂರು ವರ್ಷ ಅವನು ಗಡಹಿಂಗ್ಲಜದ ಕಚೇರಿಯ ಮುಂದೆ ಕೂರುತ್ತಿದ್ದ ಮುದಿ ಪತ್ರ ಬರಹಗಾರನೊಬ್ಬನ ಕೈಕೆಳಗೆ ಮರಾಠಿ ಪತ್ರಗಳನ್ನು ಬರೆಯುವ ಮೋಡಿ ಲಿಪಿ ಕಲಿತಿದ್ದ. ಗುರುವಿನ ಅಕ್ಷರಕ್ಕೂ ಶಿಷ್ಯನ ಅಕ್ಷರಕ್ಕೂ ವ್ಯತ್ಯಾಸ ಕಾಣುವುದಿಲ್ಲವೆಂದು ಆಗಲೇ ಜನ ಆಡಿಕೊಂಡಿದ್ದರು. ಗುರು ಸತ್ತು ಹದಿನೆಂಟು ವರ್ಷವಾಗಿತ್ತು. ಇನ್ನು ಕಾಗದ. ಅಪ್ಪ ಒಂದು ವ್ಯವಹಾರಕ್ಕೆಂದು ತನ್ನ ಹೆಸರಲ್ಲಿ ಕೊಂಡು, ವ್ಯವಹಾರ ಮುರಿದು ಬಿದ್ದಾಗ ಹಾಗೇ ಮಡಿಸಿಟ್ಟಿದ್ದ ಸ್ಟಾಂಪ್ ಕಾಗದವೊಂದು ಪೆಟ್ಟಿಗೆಯ ತಳದಲ್ಲಿತ್ತು. ಅದರ ಬೆನ್ನ ಮೇಲೆ ಇಪ್ಪತ್ತಾರು ವರ್ಷ ಹಿಂದಿನ ತಾರೀಖು, ಸರಕಾರಿ ಸಿಕ್ಕಾ, ಅಪ್ಪನ ಹೆಸರು. ಎಲ್ಲವೂ ಅಪ್ಪಟ. ಅಷ್ಟು ಸಣ್ಣ ಜಾಗದ ಖರೀದಿಯನ್ನು ಆಗ ಯಾರೂ ಕಚೇರಿಯ ಪುಸ್ತಕದಲ್ಲಿ ದಾಖಲು ಮಾಡಿಸುತ್ತಿರಲಿಲ್ಲ. ಆದ್ದರಿಂದ ತಾಳೆ ನೋಡಲು ಪುಸ್ತಕವೂ ಇರಲಿಲ್ಲ.

ಮಾರಿದವನು ಗುರುಸಿದ್ದನ ಸತ್ತ ಅಪ್ಪ ಹಾಲಸಿದ್ದ. ಅವನಿಗೆ ಅಕ್ಷರ ಬರುತ್ತಿರಲಿಲ್ಲ. ಅಂಥ ಕುರುಬರು ಸಹಿಯ ಜಾಗದಲ್ಲಿ ಉಣ್ಣೆ ಕತ್ತರಿಸುವ ಕತ್ತರಿಯ ಚಿತ್ರ ಬರೆಯುತ್ತಿದ್ದರು. ಬಾಪೂಸಾಹೇಬ ಎಡಗೈಯಲ್ಲಿ, ನಡುಗುವ ಗೆರೆಯಲ್ಲಿ ಒಂದು ಕತ್ತರಿ ಬರೆದ. ಸಾಕ್ಷಿಗೆ ಇಬ್ಬರನ್ನು ಆರಿಸಿದ. ಇಬ್ಬರೂ ಪ್ಲೇಗಿನಲ್ಲಿ ಹೋದವರು, ಇಬ್ಬರಿಗೂ ಮಕ್ಕಳಿಲ್ಲ. ಶಾಯಿಯನ್ನು ಗುರು ಮಾಡುತ್ತಿದ್ದಂತೆ ದೀಪದ ಕಾಡಿಗೆ, ಅಂಟು ಕೂಡಿಸಿ ತಾನೇ ಅರೆದ.

ಉಳಿದದ್ದು ಚಕ್ಕುಬಂದಿ, ಜಾಗದ ನಾಲ್ಕೂ ಕಡೆ ಏನೇನಿದೆ ಎಂಬ ವಿವರ. ಅದು ಗಟ್ಟಿಯಿದ್ದರೆ ಪತ್ರ ಗಟ್ಟಿ ಎಂದು ಗುರು ಹೇಳುತ್ತಿದ್ದ. ಬೇಲಿ ಸರಿಯುತ್ತದೆ, ಗಿಡ ಸಾಯುತ್ತದೆ, ಕಲ್ಲು ಮಾತ್ರ ನಿಂತಿರುತ್ತದೆ. ಪಶ್ಚಿಮಕ್ಕೆ ಹುಣಸೆಮರ, ದಕ್ಷಿಣಕ್ಕೆ ಕುರಿಹಟ್ಟಿ ಎಂಬುದು ತನ್ನ ಕಿಟಕಿಯಿಂದಲೇ ಕಾಣುತ್ತಿತ್ತು. ಮನೆಯ ಹಿಂಬದಿ ಅವನು ಎಂದೂ ನೋಡಿದ್ದಲ್ಲ. ಹೋಗಿ ನೋಡಿದರೆ ಯಾರಾದರೂ ನೆನಪಿಟ್ಟುಕೊಂಡಾರು. ಯಾರನ್ನಾದರೂ ಕೇಳಿದರೆ ಕೇಳಿದ್ದೇ ಸಾಕ್ಷಿಯಾದೀತು. ಅದೂ ಬೇಕಾಗಲಿಲ್ಲ. ಕಂಪನಿಯವರು ರತ್ನಮಾಲಾಳಿಗೆ ಕೊಟ್ಟುಹೋದ ಒಂದು ಫೋಟೋ ಅವಳ ಟ್ರಂಕಿನಲ್ಲಿತ್ತು. ಅವಳು ಬಸದಿಗೆ ಹೋದಾಗ ಅವನು ಅದನ್ನು ತೆಗೆದು ಭೂತಗನ್ನಡಿ ಹಿಡಿದು ನೋಡಿದ. ಉತ್ತರದ ಕಡೆ ನಿಂತು ತೆಗೆದ ಚಿತ್ರ. ಮುಂದೆ ಹಾಸುಬಂಡೆ. ಎಡಗಡೆ, ಮನೆಯ ಹಿಂದೆ, ಕಲ್ಲು ಕಟ್ಟಿದ ಬಾವಿ. ಪಾಚಿ ಹಿಡಿದು, ಅಂಚು ಸವೆದು, ನೂರು ವರ್ಷ ಹಗ್ಗ ಉಜ್ಜಿದ ಗುರುತು. ಆ ನಟಿ ಕಟ್ಟೆಗೆ ಕಾಲು ಕೊಟ್ಟು ನೀರು ಸೇದುತ್ತಿದ್ದಳು. ಬಾಪೂಸಾಹೇಬ ಹೆಬ್ಬೆರಳಿನಿಂದ ಅವಳ ಮುಖ ಮುಚ್ಚಿ, ಸುಂದರವಾದ ಮೋಡಿಯಲ್ಲಿ ಮರಾಠಿಯಲ್ಲಿ ಬರೆದ: ಪೂರ್ವೇಸ ಜುನೀ ದಗಡೀ ವಿಹೀರ. ಪೂರ್ವಕ್ಕೆ ಹಳೆಯ ಕಲ್ಲಿನ ಬಾವಿ. ಗುರು ಬದುಕಿದ್ದರೆ ಬೆನ್ನು ತಟ್ಟುತ್ತಿದ್ದ.

ಪತ್ರವನ್ನು ಒಲೆಯ ಮೇಲಿನ ಜಂತಿಗೆ ಹದಿನೈದು ದಿನ ಸಿಕ್ಕಿಸಿ ಹೊಗೆ ಕುಡಿಸಿ, ಜೋಳದ ಚೀಲದಲ್ಲಿಟ್ಟು ಮಡಿಕೆ ಸವೆಸಿ, ಆಮೇಲೆ ಮನೆ ತನ್ನ ಹೆಸರಿಗಾಗಲೆಂದು ತಾಲೂಕಿನ ಮಾಮಲೇದಾರರ ಕಚೇರಿಗೆ ಅರ್ಜಿ ಕೊಟ್ಟ. ನೋಟೀಸು ಬಂದ ಮರುದಿನ ಗುರುಸಿದ್ದ ಬಂದು ಮೆಟ್ಟಿಲ ಕೆಳಗೆ ನಿಂತ.

"ನಮ್ಮಪ್ಪ ಮನಿ ಮಾರಿದ್ರ ನನಗೊಂದು ಮಾತು ಹೇಳತಿದ್ದ ರೀ," ಎಂದ.

"ಅಪ್ಪಗೋಳು ಎಲ್ಲಾನೂ ಮಕ್ಕಳಿಗೆ ಹೇಳೂದಿಲ್ಲಪಾ. ನಮ್ಮಪ್ಪನೂ ನನಗ ಹೇಳಿರಲಿಲ್ಲ. ಈಗ ಪೆಟಿಗಿ ತಗದಾಗ ಸಿಕ್ಕೈತಿ."

"ಸಾಯೂತನಕಾ ಇದು ನನ್ನ ಕೈಲೆ ಕಟ್ಟಿದ ಮನಿ ಅಂತಿದ್ದ ರೀ."

"ಕಟ್ಟಿದ್ದು ಖರೆ. ಮಾರಿದ್ದೂ ಖರೆ. ಕತ್ತರಿ ನಿಶಾನಿ ಐತಿ, ನೋಡ್ತಿಯೇನು?"

ಗುರುಸಿದ್ದ ಕತ್ತರಿಯನ್ನು ಬಹಳ ಹೊತ್ತು ನೋಡಿದ. ಅವನ ಕಣ್ಣಲ್ಲಿ ಒಂದು ಅನುಮಾನ ಮೂಡಿದ್ದನ್ನು ಬಾಪೂಸಾಹೇಬ ಕಂಡ. ಅದು ಕಾಗದದ ಮೇಲಿನ ಅನುಮಾನವಲ್ಲ, ಸತ್ತ ಅಪ್ಪನ ಮೇಲಿನದು. ಅಷ್ಟು ಸುಲಭವಾಗಿ ಆದೀತೆಂದು ಬಾಪೂಸಾಹೇಬನೂ ಎಣಿಸಿರಲಿಲ್ಲ.

"ನಿನ್ನನ್ನೇನು ಹೊರಗ ಹಾಕೂದಿಲ್ಲ. ಇರು," ಎಂದ ಮೆತ್ತಗೆ. "ಕಂಪನಿಯವರು ಬಂದ್ರ ಮಾತ್ರ ನನ್ನ ಕಡೆ ಕಳಸು."

"ಹೌದ್ರಿ," ಎಂದು ಗುರುಸಿದ್ದ ಹೊರಟ. ಗುಡ್ಡ ಹತ್ತುವಾಗ ಎರಡು ಸಲ ನಿಂತ. ಕಿಟಕಿಯಿಂದ ನೋಡುತ್ತಿದ್ದ ಬಾಪೂಸಾಹೇಬನಿಗೆ ಎಷ್ಟೋ ದಿನದ ಮೇಲೆ ಹಸಿವಾಯಿತು.

ಚೈತ್ರದ ಒಂದು ಮುಂಜಾನೆ ಮಾಮಲೇದಾರರು ಒಬ್ಬ ಕಾರಕೂನ, ಒಬ್ಬ ಸಿಪಾಯಿಯ ಜೊತೆ ಸ್ಥಳ ನೋಡಲು ಬಂದರು. ಹಳ್ಳಿಯ ಹತ್ತಿಪ್ಪತ್ತು ಜನ ಕೂಡಿದರು. ಬಾಪೂಸಾಹೇಬ ಗರಿಗರಿ ರುಮಾಲು ಸುತ್ತಿಕೊಂಡು, ಮಾಘದಿಂದ ಬಿಟ್ಟಿದ್ದ ದಾರಿ ಹಿಡಿದು ಆ ಗುಡ್ಡ ಹತ್ತಿ, ಹುಣಸೆಮರದ ನೆರಳಲ್ಲಿ ನಿಂತ. ಗುರುಸಿದ್ದ ತಲೆ ತಗ್ಗಿಸಿ ಕೂತಿದ್ದ. ಅವನ ಹೆಂಡತಿ ತಾರವ್ವ ಮಾತ್ರ ಬಾಗಿಲ ಚೌಕಟ್ಟು ಹಿಡಿದು ನಿಂತು, "ನಮ್ಮ ಮಾವ ಮಾರಿಲ್ಲ ರೀ, ಸಾಹೇಬ್ರ" ಎಂದಷ್ಟೇ ಹೇಳಿದಳು.

ಮಾಮಲೇದಾರರು ಕಾಗದವನ್ನು ಬಿಸಿಲಿಗೆ ಹಿಡಿದು ನೋಡಿದರು. ಸಿಕ್ಕಾ ನೋಡಿದರು, ತಾರೀಖು ನೋಡಿದರು, ಅಕ್ಷರ ನೋಡಿ ಅದು ಯಾರ ಕೈ ಎಂದು ತಾವೇ ಗುರುತಿಸಿದರು. "ಅವರು ಬರದ ಪತ್ರದಾಗ ತಪ್ಪು ಇರೂದಿಲ್ಲ," ಎಂದು ಕಾರಕೂನನಿಗೆ ಹೇಳಿದರು. ಬಾಪೂಸಾಹೇಬ ನಯವಾಗಿ ತಲೆ ಬಾಗಿಸಿದ. ಚಕ್ಕುಬಂದಿ ಒಂದೊಂದಾಗಿ ಓದಿಸಿದರು. ಮರ ಇತ್ತು. ಹಟ್ಟಿ ಇತ್ತು. ಹಾಸುಬಂಡೆ ಇತ್ತು.

"ಪೂರ್ವಕ್ಕೆ ಹಳೆಯ ಕಲ್ಲಿನ ಬಾವಿ," ಎಂದು ಕಾರಕೂನ ಓದಿದ. ಎಲ್ಲರೂ ಮನೆಯ ಹಿಂದಕ್ಕೆ ನಡೆದರು. ಬಾವಿ ಇತ್ತು, ಫೋಟೋದಲ್ಲಿ ಇದ್ದ ಹಾಗೆಯೇ, ಪಾಚಿ, ಸವೆದ ಅಂಚು, ಹಗ್ಗದ ಗುರುತು. ಜನರ ನಡುವೆ ಯಾರೋ ಕಿಸಕ್ಕನೆ ನಕ್ಕರು. ನಗುವುದೇನಿದೆ ಎಂದು ಬಾಪೂಸಾಹೇಬ ತಿರುಗಿ ನೋಡುವಷ್ಟರಲ್ಲಿ ತಾರವ್ವ ಮುಂದೆ ಬಂದಳು. "ಈ ಬರೇ ಕಲ್ಲಿನ ಮ್ಯಾಲ ಬಾವಿ ಎಲ್ಲಿಂದ ಬರಬೇಕ್ರಿ, ಸಾಹೇಬ್ರ? ನಾ ದಿನಾ ಹಳ್ಳದಿಂದ ನೀರು ಹೊರತೇನಿ. ಇದನ್ನ ಕಂಪನಿಯವರು ಮಾಘದಾಗ ಲಾರಿಯೊಳಗ ಹಾಕ್ಕೊಂಡು ಬಂದಾರ. ಬಿದರು, ಗೋಣಿತಟ್ಟು, ಮ್ಯಾಲ ಬಣ್ಣ. ಮತ್ತ ಬರತೇವಿ ಅಂತ ಇಲ್ಲೇ ಬಿಟ್ಟು ಹೋಗ್ಯಾರ." ಮಾಮಲೇದಾರರು ಕಾಗದದ ಬೆನ್ನ ಮೇಲಿನ ಇಪ್ಪತ್ತಾರು ವರ್ಷ ಹಿಂದಿನ ತಾರೀಖನ್ನು ಇನ್ನೊಮ್ಮೆ ಓದಿದರು. ಆಮೇಲೆ ಬಾಪೂಸಾಹೇಬನ ಮುಖ ನೋಡಿ, ಸಿಪಾಯಿಗೆ ಕಣ್ಸನ್ನೆ ಮಾಡಿದರು. ಸಿಪಾಯಿ ಬಗ್ಗಿ ಬಾವಿಯನ್ನು ಒಂದೇ ಕೈಯಲ್ಲಿ ಎತ್ತಿದ. ಕೆಳಗೆ ಒಣ ಬಂಡೆಯ ಮೇಲೆ ಒಂದಿಷ್ಟು ಹುಲ್ಲು ಹಾಸಿಕೊಂಡು ತಾರವ್ವನ ಕೋಳಿ ಕಾವಿಗೆ ಕೂತಿತ್ತು.