ಮೂರನೇ ಆಡಿಯೊ

"ತ್ರಿಶಲಾ ಅವ್ರ, ರಿಮೋಟ್ ಯಾರ ಕೈಯಾಗೈತ್ರಿ?"

ಫೋನಿನಲ್ಲಿ ಸುಜಯನ ಮೊದಲ ಮಾತೇ ಇದು. ಆರಾಮಿದ್ದೀರಾ, ಊಟ ಆಯಿತಾ, ಏನೂ ಇಲ್ಲ. ನನಗೆ ಸಿಟ್ಟು ಬಂತು.

"ಅಜ್ಜನ ಕೈಯಾಗ. ಯಾಕ್ರಿ, ನಿಮಗ ಬೇಕಿತ್ತೇನು?"

"ಡಿಸ್ಕ್ ಅದಲುಬದಲಾಗೇತ್ರಿ. ನಿಮ್ಮ ಮನಿಗೆ ಬಂದಿದ್ದು ಬ್ಯಾರೇದು. ಅದರಾಗ ಮೂರು ಆಡಿಯೊ ಅದಾವು."

"ಮೂರನೇದು ಏನೈತಿ?"

ಅವನು ಮೆಲ್ಲಗೆ ಹೇಳಿದ: "ನನ್ನ ಧ್ವನಿ. ನಿಮಗಷ್ಟ ಕೇಳಸಾಕಂತ ಮಾಡಿದ್ದು. ಸರಿಯಾದ ಡಿಸ್ಕ್ ತಗೊಂಡು ಕುಡಚಿಯಿಂದ ಹೊಂಟೇನ್ರಿ. ನಾ ಬರೂತನಕ ಆಡಿಯೊ ಬಟನ್ ಒತ್ತಾಕ ಬಿಡಬ್ಯಾಡ್ರಿ."

ಫೋನ್ ಇಟ್ಟುಬಿಟ್ಟ.

ನಮ್ಮಜ್ಜ ಕಾಕಾಸಾಹೇಬರಿಗೆ ಎಂಬತ್ತು ತುಂಬಿದಾಗ ಉಗಾರದ ನಮ್ಮ ಮನೆಯಲ್ಲಿ ದೊಡ್ಡ ಕಾರ್ಯಕ್ರಮವಾಗಿತ್ತು. ಅದರ ವಿಡಿಯೊ ಮಾಡಿದವನು ಸುಜಯ. ಅಜ್ಜನ ಮೊಬೈಲು ಒಮ್ಮೆ ಫೋಟೊಗಳ ಸಮೇತ ಕಬ್ಬಿನ ಗದ್ದೆಯ ಕಾಲುವೆಗೆ ಬಿದ್ದಿತ್ತು. ಅಂದಿನಿಂದ ಅವರಿಗೆ ಡಿಸ್ಕೇ ಬೇಕು. ಹಳೆಯ ಪ್ಲೇಯರ್ ಇನ್ನೂ ಗಟ್ಟಿಯಾಗಿತ್ತು. ಕನ್ನಡದಲ್ಲಿ ವಿವರಣೆ ಕೊಟ್ಟವರು ಜಯಪಾಲ ಮಾಸ್ತರರು. ಸಾಂಗಲಿಯ ನೆಂಟರಿಗಾಗಿ ಮರಾಠಿ ಧ್ವನಿ ನನ್ನದು. ಡಿಸ್ಕ್ ಹಾಕಿದೊಡನೆ ಕನ್ನಡ, ರಿಮೋಟಿನ ಆಡಿಯೊ ಬಟನ್ ಒತ್ತಿದರೆ ಮರಾಠಿ, ಮತ್ತೆ ಒತ್ತಿದರೆ ಕನ್ನಡ.

ಆ ಧ್ವನಿ ಕೊಡುವ ನೆಪದಲ್ಲೇ ನಾನು ಕುಡಚಿಯಲ್ಲಿದ್ದ ಸುಜಯನ ಸ್ಟುಡಿಯೊಗೆ ಹೋಗುತ್ತಿದ್ದೆ. ಅವನೋ, ಡಿಸ್ಕಿನ ಗುಣಗಾನಕ್ಕೆ ಕೂತರೆ ಏಳುವವನಲ್ಲ.

"ಕ್ಯಾಸೆಟ್‌ನಂಗ ಹಿಂದ ಮುಂದ ಸುತ್ತೂದಿಲ್ರಿ. ಅಭಿಷೇಕ ಬೇಕಂದ್ರ ನೇರ ಅಭಿಷೇಕಕ್ಕ, ಊಟ ಬೇಕಂದ್ರ ನೇರ ಊಟಕ್ಕ. ಬರೇ ಬೆಳಕಿನಿಂದ ಓದತೈತಿ, ಎಷ್ಟ ಸಲ ನೋಡಿದ್ರೂ ಸವಿಯಾಂಗಿಲ್ಲ. ನಿಲ್ಲಿಸಿದ್ರ ಚಿತ್ರ ನಡಗಾಂಗಿಲ್ಲ."

"ಮತ್ತ?"

"ಒಮ್ಮೆ ಬರದ್ರ ಯಾರಿಗೂ ಅಳಸಾಕ ಬರಾಂಗಿಲ್ರಿ."

ಇದನ್ನು ಹೇಳುವಾಗ ಅವನು ನೋಡುತ್ತಿದ್ದದ್ದು ಡಿಸ್ಕನ್ನಲ್ಲ, ನನ್ನ ಜುಮಕಿಯನ್ನು.

"ಡಿಸ್ಕ್ ಆ ಕಡೆ ಐತ್ರಿ," ಎಂದೆ. ಅವನ ಕಿವಿ ಕೆಂಪಾದವು. ಅಷ್ಟೇ. ನನಗೆ ಬೇಕಾಗಿದ್ದ ಒಂದೇ ಒಂದು ಮಾತು ಅವನ ಬಾಯಿಂದ ಬರಲಿಲ್ಲ.

ಅದು ಬಾರದಿದ್ದುದರಿಂದಲೇ ಅಜ್ಜನ ಮಗಳು, ಸಾಂಗಲಿಗೆ ಕೊಟ್ಟ ಪದ್ಮವ್ವ ಅತ್ತೆ ಇಂದು ನಮ್ಮ ಪಡಸಾಲೆಯಲ್ಲಿ ಕೂತಿದ್ದಳು. ತನ್ನ ಮಗ ವಿಕ್ರಾಂತನಿಗೆ ನನ್ನನ್ನು ಕೇಳಲು ಬಂದಿದ್ದಳು. ಸಕ್ಕರೆ ಕಾರ್ಖಾನೆಯ ಊರಿಗೆ ಸಾಂಗಲಿಯಿಂದ ಸಕ್ಕರೆ ಪೊಟ್ಟಣ ಬೇರೆ ತಂದಿದ್ದಳು. ಇವತ್ತು ಅಜ್ಜ ಹೂಂ ಎಂದರೆ ಮುಗಿಯಿತು. ಅಜ್ಜ ಕೊಟ್ಟ ಮಾತು ಹಿಂದೆ ತೆಗೆದುಕೊಂಡದ್ದನ್ನು ನಮ್ಮ ಮನೆಯಲ್ಲಿ ಯಾರೂ ಕಂಡಿಲ್ಲ.

ನಾನು ಪಡಸಾಲೆಗೆ ಓಡಿದಾಗ ಟಿವಿಯಲ್ಲಿ ನನ್ನದೇ ಮರಾಠಿ ಕೇಳುತ್ತಿತ್ತು. ಅಂದರೆ ಬಟನ್ ಒಮ್ಮೆ ಒತ್ತಿ ಆಗಿದೆ. ಇನ್ನೊಮ್ಮೆ ಒತ್ತಿದರೆ ಕನ್ನಡ ಬರಬೇಕಿತ್ತು. ಈ ಡಿಸ್ಕಿನಲ್ಲಿ ಕನ್ನಡಕ್ಕಿಂತ ಮೊದಲು ಸುಜಯ ಬರುತ್ತಾನೆ.

"ಸಾಕು ನಿನ್ನ ಮರಾಠಿ. ನಾ ಮಾಸ್ತರರ ಕನ್ನಡ ಕೇಳ್ತೀನಿ," ಅಜ್ಜ ರಿಮೋಟ್ ಎತ್ತಿದರು.

"ಇರ್ಲಿ ಬಿಡ್ರಿ ಅಪ್ಪಾ, ನನಗ ಇದ ಛಲೋ ತಿಳೀತೈತಿ," ಎಂದಳು ಅತ್ತೆ.

"ಇದ ಊರಾಗ ಹುಟ್ಟಿ, ಕನ್ನಡ ತಿಳಿಯಾಂಗಿಲ್ಲೇನ ನಿನಗ?"

ಅಜ್ಜನ ಹೆಬ್ಬೆರಳು ಬಟನ್ ಹುಡುಕುತ್ತಿತ್ತು. ಕನ್ನಡಕ ಸರಿ ಮಾಡಿಕೊಂಡರು.

"ಅಜ್ಜಾ, ಸೆಲ್ ವೀಕ್ ಆಗ್ಯಾವು, ಇಲ್ಲೆ ಕೊಡು," ಎಂದು ಸುಳ್ಳು ಹೇಳಿ ರಿಮೋಟ್ ಕಸಿದುಕೊಂಡೇಬಿಟ್ಟೆ.

ಅಷ್ಟರಲ್ಲಿ ಹೊರಗೆ ಬೈಕ್ ನಿಂತಿತು. ತಲೆತುಂಬ ಧೂಳು, ಬೆವರಿಗೆ ಅಂಟಿದ ಅಂಗಿ, ಕೈಯಲ್ಲಿ ಡಿಸ್ಕ್. ಸುಜಯ ಬಾಗಿಲಲ್ಲಿ ನಿಂತು ಕಣ್ಣಲ್ಲೇ ಕೇಳಿದ, ಒತ್ತಿದರಾ ಅಂತ. ನಾನು ಇಲ್ಲವೆಂದು ತಲೆಯಾಡಿಸಿದೆ.

ಅವನು ಉಸ್ಸಪ್ಪಾ ಎಂದು ಉಸಿರು ಬಿಟ್ಟ.

ಆ ಉಸಿರು ಕೇಳಿ ನನ್ನ ಮೈಯೆಲ್ಲ ಉರಿಯಿತು. ಸದ್ಯ ಬದುಕಿಕೊಂಡೆ ಎನ್ನುವಂತೆ ನಿಂತಿದ್ದಾನಲ್ಲ! ಇಲ್ಲಿ ನಾನು ಸಾಂಗಲಿಗೆ ಹೊರಡುವ ಹೊತ್ತು ಬಂದಿದೆ.

"ಟಿವಿ ಆಮ್ಯಾಲ ನೋಡೂನು," ಅತ್ತೆ ಪೊಟ್ಟಣದ ದಾರ ಬಿಚ್ಚಿದಳು. "ಅಪ್ಪಾ, ನಮ್ಮ ವಿಕ್ರಾಂತಗ ತ್ರಿಶಲಾನ್ನ ಕೊಡ್ತೀನಿ ಅಂತ ಒಂದ ಮಾತ ಅನ್ರಿ. ಬಾಯಿ ಸಿಹಿ ಮಾಡ್ಕೊಳ್ಳೂನು."

ಅಜ್ಜ ನೆಟ್ಟಗೆ ಕೂತರು. ಗಂಟಲು ಸರಿಮಾಡಿಕೊಂಡರು.

ಸುಜಯನ ಮುಖ ಇಳಿದುಹೋಯಿತು. ಆದರೂ ಡಿಸ್ಕನ್ನು ನನ್ನ ಕಡೆ ಚಾಚಿದ. "ಇದನ್ನ ಹಾಕ್ರಿ," ಎಂದ. ನಾನು ಎಡಗೈಯಲ್ಲಿ ಆ ಡಿಸ್ಕ್ ಇಸಿದುಕೊಂಡೆ. ಅವನನ್ನೇ ನೋಡುತ್ತ ಬಲಗೈಯಿಂದ ಆಡಿಯೊ ಬಟನ್ ಒತ್ತಿದೆ.

ಟಿವಿಯಲ್ಲಿ ನಾನು ಪಂಕ್ತಿಗೆ ಹೋಳಿಗೆ ಬಡಿಸುತ್ತಿದ್ದೆ.

"ಇಲ್ಲಿ ಅಜ್ಜಾರನ್ನ ತೋರಸಬೇಕಿತ್ತು," ಸುಜಯನ ಧ್ವನಿ ಪಡಸಾಲೆ ತುಂಬಿತು. "ಕ್ಯಾಮೆರಾ ಇಕಿ ಹಿಂದ ಹೋತು. ತಪ್ಪು ನಂದ. ತ್ರಿಶಲಾ, ನಿನ್ನ ಎದುರಿಗೆ ನನಗ ಡಿಸ್ಕಿನ ಮಾತ ಬಿಟ್ಟು ಬ್ಯಾರೆ ಬರಾಂಗಿಲ್ಲ. ಅದಕ್ಕ ಇದರಾಗ ಹೇಳಾಕತ್ತೀನಿ. ನೀ ಅಂದ್ರ ನನಗ ಜೀವ. ನನ್ನ ಲಗ್ನ ಆಗ್ತೀಯೇನು?"

ಅತ್ತೆಯ ಬೆರಳು ಸಕ್ಕರೆಯಲ್ಲೇ ನಿಂತಿತು. ಅಡುಗೆಮನೆಯ ಬಾಗಿಲಿಗೆ ಬಂದ ಅವ್ವ ಬಾಯಿಗೆ ಸೆರಗು ಹಿಡಿದಳು. ಸುಜಯನಂತೂ ನೆಲ ನೋಡುತ್ತಿದ್ದ.

ಅಜ್ಜ ನನ್ನತ್ತ ತಿರುಗಿದರು. "ಗೊತ್ತಿದ್ದ ಒತ್ತಿದೇನ ನೀ?"

"ಹೌದಜ್ಜಾ. ಸಾಂಗಲಿಗೆ ನಾ ಹೋಗಾಂಗಿಲ್ಲ. ನನಗ ಇವರ ಬೇಕು."

ಅತ್ತೆ ಪೊಟ್ಟಣಕ್ಕೆ ಮತ್ತೆ ದಾರ ಸುತ್ತತೊಡಗಿದಳು. ಅಜ್ಜ ಸುಜಯನನ್ನು ಕೇಳಿದರು.

"ಏ ತಮ್ಮಾ, ಇದನ್ನ ಅಳಸಾಕ ಬರ್ತೈತೇನು?"

ಅವನು ತಲೆಯೆತ್ತಿದ. ನನ್ನನ್ನು ನೋಡಿದ. ಈ ಸಲ ಜುಮಕಿಯನ್ನಲ್ಲ, ಕಣ್ಣನ್ನು.

"ಇಲ್ರಿ ಅಜ್ಜಾರ. ಬರಾಂಗಿಲ್ರಿ."

"ಪದ್ಮಾ, ಆ ಪೊಟ್ಟಣ ಕಟ್ಟಬ್ಯಾಡ, ಅಲ್ಲೇ ಇಡು. ಸಕ್ಕರಿ ಇನ್ನೂ ಬೇಕಾಗತೈತಿ," ಎಂದರು ಅಜ್ಜ. ಆಮೇಲೆ ಪಕ್ಕದ ಕುರ್ಚಿ ಎಳೆದು ಸುಜಯನಿಗೆ ತೋರಿಸಿದರು. "ಕೂಡ್ರು. ತ್ರಿಶಲಾ, ಮೊದಲಿಂದ ಹಚ್ಚು. ನನ್ನ ಕಾರ್ಯಕ್ರಮದಾಗ ಈ ಹುಡುಗ ಏನೇನ ನೋಡ್ಯಾನ, ನಾನೂ ನೋಡ್ತೀನಿ."