ಮೌನಸಭೆಯಲ್ಲಿ ಎದ್ದು ನಿಂತವಳು

"ಇದೇನ್ ಗುರುತೋ, ಎರೆಹುಳಾನೋ?"

ಹಾಗೆ ಕೇಳಿಬಿಟ್ಟ ಮೇಲೆಯೇ ಫ್ಲೋರಿ ಮೆಟ್‌ಕಾಫ್ ತಲೆ ಎತ್ತಿ, ತಾನು ಕೇಳಿದ್ದು ಯಾರನ್ನೆಂದು ನೋಡಿದ್ದು. ಇಡೀ ಕೋಣೆ ಉಸಿರು ಬಿಗಿಹಿಡಿದಿತ್ತು. ಬಿಳಿ ಟೋಪಿ ಕಿವಿಯವರೆಗೆ ಇಳಿದು, ಮೂಗಿನ ತುದಿಗೆ ಚಾಕೊಲೇಟ್ ಮೆತ್ತಿಕೊಂಡು ನಿಂತಿದ್ದವನು ಸೈಲಸ್ ಬ್ರಾಕ್‌ಬ್ಯಾಂಕ್. ಇಂಗ್ಲೆಂಡಿನ ಯಾರ್ಕ್ ಊರಿನ ಬ್ರಾಕ್‌ಬ್ಯಾಂಕ್ ಚಾಕೊಲೇಟ್ ಕಾರ್ಖಾನೆಯ ಮೂರನೆಯ ತಲೆಮಾರು. ನಾಳೆಯ ಧಣಿ.

ಕ್ವೇಕರ್ ಎಂಬ ಕಟ್ಟುನಿಟ್ಟಿನ ಕ್ರೈಸ್ತ ಪಂಥದ ಆ ಮನೆತನದಲ್ಲಿ ಗಂಡುಮಕ್ಕಳು ಧಣಿಯ ಕುರ್ಚಿ ಹತ್ತುವ ಮೊದಲು ಎಲ್ಲ ಕೋಣೆಗಳಲ್ಲೂ ದುಡಿಯಬೇಕು. ಜನ ಹೆಂಡ ಬಿಟ್ಟು ಕೋಕೋ ಕುಡಿಯಲಿ ಎಂದು ಕಿರಾಣಿ ಅಂಗಡಿಯ ಹಿತ್ತಲಲ್ಲಿ ಬೀಜ ಹುರಿಯಲು ಕೂತ ತಾತನ ಕಾಲದ ಕಟ್ಟಳೆ ಅದು. ಹುರಿಯುವಲ್ಲಿ ಹುಬ್ಬು ಸುಟ್ಟುಕೊಂಡು, ಅರೆಯುವಲ್ಲಿ ಒಂದು ಬೂಟು ಕಳೆದುಕೊಂಡು, ಸೈಲಸ್ ಈಗ ಹೆಂಗಸರ ಕೋಣೆಗೆ ಬಂದಿದ್ದ.

ಇಲ್ಲಿನ ಕೆಲಸ ನೋಡಲು ಸುಲಭ. ಚಾಕೊಲೇಟಿನ ನೆತ್ತಿಯ ಮೇಲೆ ಬೆರಳ ತುದಿಯಿಂದ ಒಂದೇ ಎಳೆ. ಶುಂಠಿಯ ಹೂರಣವಿದ್ದರೆ ಕೊಕ್ಕೆ, ಗುಲಾಬಿಯದಾದರೆ ಸುರುಳಿ. ಡಬ್ಬಿ ತೆರೆದವರು ಗುರುತು ನೋಡಿಯೇ ಆರಿಸಿಕೊಳ್ಳಬೇಕು.

"ಶುಂಠಿ ಮೇಲೆ ಸುರುಳಿ ಹಾಕಿದೀರಿ. ಗುಲಾಬಿ ಅಂದ್ಕೊಂಡು ಯಾವುದಾದ್ರೂ ಅಜ್ಜಿ ಬಾಯಿಗೆ ಹಾಕ್ಕೊಂಡ್ರೆ ಖಾರಕ್ಕೆ ಕುಣೀತಾರಷ್ಟೆ."

"ಕುಣೀಲಿ ಬಿಡು. ನಮ್ಮನೇಲಂತೂ ಕುಣಿಯೋದು ಪಾಪ. ಬೇರೆಯವರಾದ್ರೂ ಕುಣೀಲಿ," ಎಂದ ಸೈಲಸ್, ಮುಖದಲ್ಲಿ ನಗುವಿನ ಸುಳಿವೂ ಇಲ್ಲದೆ.

ಫ್ಲೋರಿಗೆ ನಗು ತಡೆಯಲಾಗಲಿಲ್ಲ. ಎಡವಟ್ಟಾಗಿದ್ದು ಅಲ್ಲೇ.

ಅವನ ಕೈ ಹಿಡಿದು ತಿದ್ದುವುದು ಅವಳ ಪಾಲಿಗೆ ಬಂತು. ಚಳಿಗಾಲ ಕಳೆದರೂ ಅವನ ಎಳೆ ನೆಟ್ಟಗಾಗಲಿಲ್ಲ. ಒಂದು ಮಧ್ಯಾಹ್ನ ಅವಳು ಬೇರೆ ಕಡೆ ತಿರುಗಿದಾಗ ಅವನು ಎಳೆದ ಸುರುಳಿ ಎಷ್ಟು ಚೆಂದವಿತ್ತೆಂದರೆ, ಓರೆಗಣ್ಣಿನಲ್ಲಿ ಕಂಡ ಫ್ಲೋರಿ ಬೆರಗಾದಳು.

"ಕಲ್ತಿದೀರಲ್ಲಾ ಕಳ್ಳ!"

"ಶ್! ಕಲ್ತೆ ಅಂತ ಗೊತ್ತಾದ್ರೆ ಬೇರೆ ಕೋಣೆಗೆ ಹಾಕ್ತಾರೆ," ಎಂದು ಅವನು ಆ ಸುರುಳಿಯನ್ನು ಹೆಬ್ಬೆರಳಿನಿಂದ ಅಳಿಸಿಬಿಟ್ಟ. ಅಳಿಸುತ್ತಿದ್ದವನ ಕಣ್ಣು ಮಾತ್ರ ಅವಳ ಮೇಲೇ ಇತ್ತು. ಅಂದು ಫ್ಲೋರಿಯ ಕೈಯಿಂದಲೂ ನಾಲ್ಕಾರು ಎರೆಹುಳ ಹುಟ್ಟಿದವು.

ಗಂಡಸರಿಗೊಂದು ಗೇಟು, ಹೆಂಗಸರಿಗೊಂದು ಗೇಟು ಇದ್ದ ಕಾರ್ಖಾನೆ ಅದು. ಒಂದು ಸಂಜೆ ಹೆಂಗಸರ ಗೇಟಿನಲ್ಲೇ ಓಡಿಬಂದು ಸೈಲಸ್ ಕೇಳಿದ, "ನನ್ನ ಮದುವೆ ಆಗ್ತೀಯಾ, ಫ್ಲೋರಿ?"

ಅವಳ ಮುಖ ಬಾಡಿತು. ಮದುವೆಯಾದ ಹೆಂಗಸು ಕೆಲಸ ಬಿಡಬೇಕು. ಅದು ಸೈಲಸನ ಚಿಕ್ಕಪ್ಪ, ಈಗಿನ ಧಣಿ ಅಮೋಸ್ ಬ್ರಾಕ್‌ಬ್ಯಾಂಕ್ ಮಾಡಿದ ಕಾನೂನು. ದೊಡ್ಡದೊಂದು ಕೇಕು ಕೊಟ್ಟು, ಕೈ ಕುಲುಕಿ, ಬೀಳ್ಕೊಡುತ್ತಿದ್ದರು.

"ಆ ಕೇಕು ತಿಂದೋರು ಯಾರೂ ತಿರುಗಿ ಮೇಜಿನ ಹತ್ರ ಬಂದಿಲ್ಲ. ನಂಗೆ ಆ ಮೇಜು ಬೇಕು. ನನ್ನ ಕೈಗೆ ಬರೋ ವಿದ್ಯೆ ಅದೊಂದೇ."

"ಚಿಕ್ಕಪ್ಪನ ಹತ್ರ ಮಾತಾಡ್ತೀನಿ."

ಮಾರನೆಯ ದಿನ ಅವಳು ಕೇಳಿದಳು, "ಮಾತಾಡಿದ್ರಾ?"

"ಓ, ಬಹಳ ಹೊತ್ತು ಮಾತಾಡ್ದೆ."

"ಏನಂತ?"

"ಈ ಸಲ ಮಳೆ ಜಾಸ್ತಿ ಅಂತ."

ಫ್ಲೋರಿ ಹಣೆ ಚಚ್ಚಿಕೊಂಡಳು.

"ಭಾನುವಾರ ನಮ್ಮ ಸಭೆಗೆ ಬಾ," ಎಂದ ಅವನು. "ಮೊದಲು ಚಿಕ್ಕಪ್ಪ ನಿನ್ನ ನೋಡ್ಲಿ. ನೀನೇನೂ ಮಾಡ್ಬೇಡ. ಸುಮ್ನೆ ಕೂತ್ರೆ ಸಾಕು."

ಸೂರು ಹಾರಿಹೋಗುವಂತೆ ಕೀರ್ತನೆ ಹಾಡುವ ಮೆಥಡಿಸ್ಟ್ ಪಂಥದ ಹುಡುಗಿ ಅವಳು. ಕ್ವೇಕರರ ಸಭೆಯಲ್ಲಿ ಪಾದ್ರಿಯಿಲ್ಲ, ಹಾಡಿಲ್ಲ. ಬೆಂಚುಗಳ ಮೇಲೆ ಜನ ಕಣ್ಣು ಮುಚ್ಚಿ ಕೂತೇ ಇದ್ದರು. ಯಾರದೋ ಹೊಟ್ಟೆ ಗುಡುಗಿತು, ಯಾರೂ ನಗಲಿಲ್ಲ. ಅದೇ ಅವಳಿಗೆ ದೊಡ್ಡ ಹಿಂಸೆ. ಇದರ ಮೇಲೆ ಎಡಗಾಲು ಜೋಮು ಹಿಡಿಯಿತು. ಸದ್ದಿಲ್ಲದೆ ಹೊರಗೆ ಹೋಗಿಬರೋಣವೆಂದು ಫ್ಲೋರಿ ಎದ್ದು ನಿಂತಳು.

ಎದುರಿನ ಸಾಲಿನಲ್ಲಿದ್ದ ಸೈಲಸನ ಮುಖ ಸುಣ್ಣದಂತಾಯಿತು. ಬೆಂಚು ಬೆಂಚಿನಲ್ಲೂ ತಲೆಗಳು ಎದ್ದವು. ಆ ಸಭೆಯಲ್ಲಿ ಎದ್ದು ನಿಲ್ಲುವವರು ಒಂದೇ ಬಗೆಯವರು: ದೇವರು ಮಾತಾಡೆಂದು ಎಬ್ಬಿಸಿದವರು. ಈಗ ಎಲ್ಲರೂ ಆ ಮಾತಿಗಾಗಿ ಭಕ್ತಿಯಿಂದ ಕಾಯುತ್ತಿದ್ದರು.

ಹೋಗುವುದಕ್ಕೆ ಕಾಲು ಬಾರದು. ಕೂರುವುದಕ್ಕೆ ಮಾನ ಬಿಡದು.

"ನಾನು ಫ್ಲೋರಿ," ಎಂದಳು. "ಚಾಕೊಲೇಟಿಗೆ ಗುರುತು ಹಾಕೋಳು." ಒಳಗಿದ್ದದ್ದೆಲ್ಲ ತಾನಾಗಿ ಹೊರಬಂತು. "ಸೈಲಸ್ ಅಂದ್ರೆ ನಂಗೆ ಪ್ರಾಣ. ಇದನ್ನ ಅವರಿಗೇ ಇನ್ನೂ ಹೇಳಿಲ್ಲ. ಹೇಳಿದ್ರೆ ನೀವು ಕೇಕು ಕೊಟ್ಟು ಕಳಿಸ್ಬಿಡ್ತೀರಿ. ಕೆಲಸ ಅಂದ್ರೂ ನಂಗೆ ಪ್ರಾಣ. ಎರಡ್ರಲ್ಲಿ ಒಂದು ಬಿಡು ಅಂತ ದೇವರು ನಂಗ್ಯಾವತ್ತೂ ಹೇಳಿಲ್ಲ. ಹೇಳಿದ್ದು ಕಾರ್ಖಾನೆ."

ದೊಪ್ಪನೆ ಕೂತಳು.

ಒಬ್ಬರು ಆಡಿದ ಮಾತಿಗೆ ಅಲ್ಲಿ ಇನ್ನೊಬ್ಬರು ಉತ್ತರ ಕೊಡುವಂತಿಲ್ಲ. ಮೌನದಲ್ಲಿ ಮನನ ಮಾಡಬೇಕು. ಸೈಲಸ್ ಟೋಪಿಯ ಅಂಚು ಕಚ್ಚಿಕೊಂಡು ಮನನ ಮಾಡಿದ.

ಕೊನೆಗೂ ಹಿರಿಯರು ಒಬ್ಬರಿಗೊಬ್ಬರು ಕೈ ಕುಲುಕಿದರು; ಸಭೆ ಮುಗಿಯಿತೆಂಬ ಗುರುತು ಅದು. ಅಮೋಸ್ ಬ್ರಾಕ್‌ಬ್ಯಾಂಕ್ ಕೋಲೂರಿಕೊಂಡು ಅವಳ ಮುಂದೆ ಬಂದು ನಿಂತರು.

"ನಿನ್ನನ್ನ ಎಬ್ಬಿಸಿದ್ದು ಯಾರಮ್ಮ?"

ಸುಳ್ಳು ಹೇಳಲು ನಾಲಿಗೆ ಹೊರಳಲಿಲ್ಲ. "ಕಾಲು ಜೋಮು ಹಿಡಿದಿತ್ತು, ಧಣಿ."

ಮುದುಕ ಅವಳ ಕಾಲನ್ನು ನೋಡಿದರು, ಸೂರು ನೋಡಿದರು. "ನನ್ನನ್ನ ಮೊದಲನೇ ಸಲ ಎಬ್ಬಿಸಿದ್ದು ಬೆಂಚಿನ ಮೊಳೆ," ಎಂದರು. "ದೇವರು ಯಾವುದರಿಂದ ಎಬ್ಬಿಸ್ತಾನೆ ಅನ್ನೋದು ಅವನಿಗೆ ಬಿಟ್ಟದ್ದು. ಇದನ್ನೇ ನೀನು ಆಫೀಸಿಗೆ ಬಂದು ಹೇಳಿದ್ರೆ ಆಗಲ್ಲ ಅಂತಿದ್ದೆ. ಇಲ್ಲಿ ಎದ್ದು ಹೇಳ್ಬಿಟ್ಟೆ. ಇಲ್ಲಿ ಹೇಳಿದ್ದಕ್ಕೆ ಇಲ್ಲ ಅನ್ನೋಕೆ ನಾನ್ಯಾರು?" ನಿಟ್ಟುಸಿರು ಬಿಟ್ಟರು. "ಸೋಮವಾರ ಕೆಲಸಕ್ಕೆ ಬಾ. ಮದುವೆ ಆದ ಮೇಲಿನ ಸೋಮವಾರಾನೂ ಬಾ."

ಹೊರಗೆ ಮೆಟ್ಟಿಲ ಮೇಲೆ ಸೈಲಸ್ ಅವಳ ದಾರಿಗೆ ಅಡ್ಡ ನಿಂತ. "ಇನ್ನೊಂದ್ಸಲ ಹೇಳು."

"ಊರೆಲ್ಲ ಕೇಳಿಸ್ಕೊಂಡ್ರು. ನಿಮಗೆ ಕೇಳಿಸ್ಲಿಲ್ವಾ?"

"ಕೇಳಿಸ್ತು. ಉತ್ತರ ಕೊಡೋ ಹಾಗಿರಲಿಲ್ಲ."

ಫ್ಲೋರಿ ತುದಿಗಾಲಲ್ಲಿ ನಿಂತು ಅವನ ಕಿವಿಯಲ್ಲಿ ಹೇಳಿದಳು, ಅವನೊಬ್ಬನಿಗೇ ಕೇಳಿಸುವಷ್ಟು. ಅವನು ಕೊಟ್ಟ ಉತ್ತರಕ್ಕೆ ಮಾತು ಬೇಕಾಗಲಿಲ್ಲ. ಬಾಗಿಲಿಗೆ ಬಂದ ಕ್ವೇಕರ್ ಹಿರಿಯರೆಲ್ಲ ಒಟ್ಟಿಗೆ ಬೆನ್ನು ತಿರುಗಿಸಿ, ಬರೀ ಗೋಡೆಯನ್ನು ಬಹಳ ಶ್ರದ್ಧೆಯಿಂದ ನೋಡುತ್ತ ನಿಂತರು.