ಗ್ಲೆನ್‌ನ ಎದೆಯೊಳಗಿನ ಸದ್ದು

ಜರ್ಮನಿಯ ಹ್ಯಾನೋವರ್‌ನಲ್ಲಿ ನಮಗಿಬ್ಬರಿಗೂ ಕೆಲಸ ಮಾಡಿಕೊಂಡು ನೆಲೆಸಲು ಬೇಕಾದ ಬ್ಲೂ ಕಾರ್ಡ್ ಸಿಕ್ಕಿದ ವರ್ಷ, ನಾನು ಮತ್ತು ನನ್ನ ಗಂಡ ಗ್ಲೆನ್ ಬೊಲಿವಿಯಾ ನೋಡಲು ಹೋಗಿದ್ದೆವು. ಬೆಳಿಗ್ಗೆ ಕಾಡಿನ ಊರೊಂದರಲ್ಲಿ ಬೆವರು ಒರೆಸಿಕೊಳ್ಳುತ್ತ ಬಸ್ಸು ಹತ್ತಿದವರು, ಮಧ್ಯಾಹ್ನದ ಹೊತ್ತಿಗೆ ಹಿಮದ ಬೆಟ್ಟಗಳ ನಡುವೆ ನಡುಗುತ್ತಿದ್ದೆವು. ಆ ಎತ್ತರದಲ್ಲಿ ಗ್ಲೆನ್‌ಗೆ ಉಸಿರು ಸಿಗದಾಯಿತು. ತುಟಿ ನೀಲಿಯಾಯಿತು.

"ಬಸ್ ಕೆಳಗೆ ತಿರುಗಿಸಿ, ಪ್ಲೀಸ್," ಎಂದು ಡ್ರೈವರನ ತೋಳು ಹಿಡಿದು ಗೋಗರೆದೆ. ಅವನಿಗೆ ನನ್ನ ಮಾತು ತಿಳಿಯಲಿಲ್ಲ. ಆ ಇಕ್ಕಟ್ಟಾದ ದಾರಿಯಲ್ಲಿ ತಿರುಗಿಸಲು ಜಾಗವೂ ಇರಲಿಲ್ಲ.

ಹಿಂದಿನ ಸೀಟಿನ ಮುದುಕಿಯೊಬ್ಬಳು ಎದ್ದು ಬಂದು ಗ್ಲೆನ್‌ನ ಎದೆಯ ಮೇಲೆ ಅಂಗೈ ಇಟ್ಟಳು. ಆ ಒಣ ಚಳಿಯಲ್ಲೂ ಅವಳ ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಅವನ ಅಂಗಿ ನೆನೆಯಿತು. ನಮ್ಮೂರು ಮಲ್ಪೆಯ ಬಂದರಿನ ವಾಸನೆ ಬಂತು. ಆ ದೇಶಕ್ಕೆ ಸಮುದ್ರವೇ ಇಲ್ಲ.

"ಈಗ ಆರಾಮ ಉಂಟು," ಎಂದ ಗ್ಲೆನ್. ಮುದುಕಿ ಮುಂದಿನ ಹಳ್ಳಿಯಲ್ಲಿ ಇಳಿದುಹೋದಳು.

ಹ್ಯಾನೋವರ್‌ಗೆ ಮರಳಿದ ಮೇಲೆ, ಅವನ ಎದೆಗೆ ತಲೆಯಿಟ್ಟಾಗಲೆಲ್ಲ ನನಗೆ ಅಲೆಗಳ ಸದ್ದು ಕೇಳತೊಡಗಿತು. ಒತ್ತಾಯ ಮಾಡಿ ಡಾಕ್ಟರ್ ಬಳಿ ಕರೆದೊಯ್ದೆ. ಡಾಕ್ಟರಮ್ಮ ಸ್ಟೆತಸ್ಕೋಪ್ ಇಟ್ಟು ಉಸಿರು ಹಿಡಿಯಲು ಹೇಳಿದರು. ಬಹಳ ಹೊತ್ತು ಕೇಳಿದರು. ಆಮೇಲೆ ಪಕ್ಕದ ಕೋಣೆಯಿಂದ ಇನ್ನೊಬ್ಬ ಡಾಕ್ಟರನ್ನು ಕರೆದರು. ಅವರೂ ಕೇಳಿದರು. ಶ್ವಾಸಕೋಶದಲ್ಲಿ ಏನೂ ತೊಂದರೆಯಿಲ್ಲ ಎಂದರು, ಅವನ ಮುಖ ನೋಡದೆ.

"ನಿಂದು ಸುಮ್ನೆ ಹೆದರಿಕೆ ಮಾರಾಯ್ತಿ," ಎಂದು ಗ್ಲೆನ್ ನಕ್ಕ.

ಮರುದಿನ ಊಟವಾದ ಮೇಲೆ ಸೋಫಾದಲ್ಲಿ ಮಲಗಿದ್ದವನನ್ನು, ಒಮ್ಮೆ ಉಸಿರು ಹಿಡಿ ಎಂದು ಬೇಡಿಕೊಂಡು ಎದೆಗೆ ಕಿವಿಯಿಟ್ಟೆ. ಎದೆ ಅಲುಗಲಿಲ್ಲ. ಅಲೆಗಳು ಬರುತ್ತಲೇ ಇದ್ದವು. ತಲೆಯೆತ್ತಿ, "ಸಾಕು, ಬಿಡು ಗ್ಲೆನ್," ಎಂದೆ.

ಅವನು ಆಗಲೇ ನಿದ್ದೆ ಹೋಗಿದ್ದ. ಎದೆ ಇನ್ನೂ ಅಲುಗುತ್ತಿರಲಿಲ್ಲ, ಆದರೂ ತುಟಿ ಕೆಂಪಗೇ ಇತ್ತು.